ಏಕವಚನದ ಮೇಲೆ ದೂರು

ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಠಾಣೆಯ ಬಾಗಿಲಿಗೆ ಒಂದು ಗಾಲಿಕುರ್ಚಿ ಬಂದು ನಿಂತಿತು. ಠಾಣೆಗೆ ಮೆಟ್ಟಿಲುಂಟು, ಇಳಿಜಾರಿಲ್ಲ. ನಡೆಯಲಾಗದವರಿಗೂ ದೂರು ಇರಬಹುದೆಂದು ಕಟ್ಟಿದ ಪುಣ್ಯಾತ್ಮರಿಗೆ ಹೊಳೆದಿರಲಿಲ್ಲ. ಕುರ್ಚಿಯಲ್ಲಿದ್ದ ಹೆಂಗಸು ಜೀವಮಾನವೆಲ್ಲ ಬಸ್ ಕಂಡಕ್ಟರ್ ಆಗಿದ್ದವರು. ಹಿಂದಿನ ಬಾಗಿಲಿನಿಂದ ಡ್ರೈವರಿಗೆ ಕೇಳಿಸುವಂತೆ ಕೂಗಿ ಪಳಗಿದ ಗಂಟಲಿನಲ್ಲಿ, "ಒಳಗೆ ಯಾರಿದ್ದೀರಿ? ಹೊರಗೆ ಬನ್ನಿ. ನನಗೆ ಒಳಗೆ ಬರೋಕಾಗಲ್ಲ" ಎಂದರು.

ಕುರ್ಚಿ ತಳ್ಳಿಕೊಂಡು ಬಂದಿದ್ದ ತಂಗಿಯ ಮಗಳು ನಾಚಿಕೊಂಡು, "ದೊಡ್ಡಮ್ಮ, ಸ್ವಲ್ಪ ಮೆಲ್ಲಗೆ" ಎಂದಳು.

"ಮೆಲ್ಲಗೆ ಮಾತಾಡಿದವರೆಲ್ಲ ಸತ್ತಿದ್ದಾರೆ ಕಣೇ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಹಿಡಿದು ಹೊರಗೆ ಬಂದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಹೊಟ್ಟೆ ಮುಂದೆ, ತಾವು ಹಿಂದೆ. "ಏನಮ್ಮಾ ದೂರು?"

"ಊರಾಚೆಯ ಆರೈಕೆ ಕೇಂದ್ರದಲ್ಲಿ ಒಬ್ಬ ಗಂಡು ನರ್ಸ್ ಇದ್ದಾನೆ. ಎಲ್ಲರೂ ಬ್ರದರ್ ಅಂತಾರೆ. ಅವನು ನನ್ನನ್ನ ಏಕವಚನದಲ್ಲಿ ಮಾತಾಡಿಸಿದ."

ಹೆಡ್ ಕಾನ್‌ಸ್ಟೇಬಲ್ ಪೆನ್ನಿನ ಮುಚ್ಚಳ ಹಾಕಿದರು. "ಏಕವಚನ ಅಪರಾಧ ಆಗಿದ್ದಿದ್ರೆ ಅಮ್ಮಾ, ಈ ಠಾಣೆಯವರೆಲ್ಲ ಇಷ್ಟು ಹೊತ್ತಿಗೆ ಕಂಬಿ ಎಣಿಸ್ತಾ ಇರ್ತಿದ್ವಿ."

"ಅವನು ಏಕವಚನದಲ್ಲಿ ಮಾತಾಡಿಸಿದ ಮೂರು ಜನ ಸತ್ತಿದ್ದಾರೆ. ನಾಲ್ಕನೆಯವಳು ನಾನು. ಈಗ ತಾನೇ ಪಿಂಚಣಿ ಕಚೇರೀಲಿ ಬದುಕಿದ್ದೀನಿ ಅಂತ ಸಹಿ ಹಾಕಿ ಬಂದೆ. ಅದು ಸುಳ್ಳಾಗೋದು ಬೇಡ ಅಂತ ಇಲ್ಲಿಗೆ ಬಂದೆ."

ಈ ಮಾತು ಒಳಗೆ ಕೂತಿದ್ದ ಇನ್ಸ್‌ಪೆಕ್ಟರ್ ಕಿವಿಗೆ ಬಿತ್ತು. ಅವರೂ ಹೆಂಗಸೇ. ಈ ಠಾಣೆಗೆ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಹೊರಗೆ ಬಂದವರು ಕುರ್ಚಿ ತರಿಸದೆ ಮೆಟ್ಟಿಲ ಮೇಲೇ ಕೂತರು.

"ಎಷ್ಟು ದಿನದಿಂದ ಅಲ್ಲಿದ್ದೀರಿ?"

"ಪಾರ್ಶ್ವವಾಯು ಬಡಿದು ನಾಲ್ಕು ತಿಂಗಳಾಯ್ತು. ಎಡಗೈ, ಎಡಗಾಲು. ತಲೆಗೆ ಬಡಿದಿಲ್ಲ. ಅದನ್ನ ಮೊದಲೇ ಬರ್ಕೊಳ್ಳಿ."

"ಆ ಬ್ರದರ್ ಎಂಥವರು?"

"ಬೆಣ್ಣೆಯಂಥ ಮಾತು. ಎಲ್ಲರಿಗೂ ನೀವು, ತಾವು, ಬನ್ನಿ, ಕೂತ್ಕೊಳ್ಳಿ. ಕಸ ಗುಡಿಸೋಳಿಗೂ ಬಹುವಚನ."

"ಮತ್ತೆ?"

"ಅಲ್ಲಿ ಒಂದೇ ಹಜಾರ ಮೇಡಂ, ಮಧ್ಯೆ ಪರದೆ. ಆ ಕಡೆ ಗಂಡಸರು, ಈ ಕಡೆ ನಾವು. ಗಡಿಯಾರ ರಿಪೇರಿಯವರು ಅಂತ ಒಬ್ಬರಿದ್ರು. ಒಂದು ಸಂಜೆ ಇವನು ಅವರಿಗೆ 'ಊಟ ಆಯ್ತಾ? ಮಲ್ಕೋ' ಅಂದ. ನನ್ನ ಕಿವಿ ನೆಟ್ಟಗಾಯ್ತು. ಬೆಳಿಗ್ಗೆ ಅವರು ಏಳಲಿಲ್ಲ. ಆಮೇಲೆ ನನ್ನ ಎದುರು ಮಂಚದ ಬೇಕರಿ ಅಜ್ಜಿ. ಅವರಿಗೂ 'ನೀನು' ಅಂದ. ಬೆಳಿಗ್ಗೆ ಅವರೂ ಇಲ್ಲ. ಈಗ ಶನಿವಾರ ಡ್ರಾಯಿಂಗ್ ಮೇಷ್ಟ್ರು."

"ವಯಸ್ಸಾದವರು, ಕಾಯಿಲೆಯವರು. ಸಲಿಗೆ ಬೆಳೆದರೆ ಏಕವಚನ ಬರುತ್ತೆ."

"ಬಸ್ಸಲ್ಲಿ ಎಷ್ಟು ಜಗಳ ನೋಡಿದ್ದೀನಿ ಮೇಡಂ. 'ನೀವು' ಅಂದ್ಕೊಂಡು ಯಾರೂ ಯಾರ ಕೆನ್ನೆಗೂ ಹೊಡೆಯಲ್ಲ. ಮೊದಲು ಬಹುವಚನ ಇಳಿಯುತ್ತೆ, ಆಮೇಲೆ ಕೈ ಏಳುತ್ತೆ."

"ನಿಮಗೆ ಯಾವಾಗ ಅಂದ್ರು?"

"ಮೂರು ವಾರದ ಹಿಂದೆ. 'ಕಾಫಿ ಕುಡೀತಿದ್ದೀಯಾ' ಅಂದ. ಕೈಲಿದ್ದ ಲೋಟ ಬಿದ್ದೇಹೋಯ್ತು. ಆ ರಾತ್ರಿ ನಾನು ರೆಪ್ಪೆ ಮುಚ್ಚಲಿಲ್ಲ. ಮಾರನೇ ದಿನ ಏನೂ ಆಗದ ಹಾಗೆ ಮತ್ತೆ 'ಕುಡೀತೀರಾ' ಅಂದ. ಯಾಕೆ ಬಿಟ್ಟ ಅಂತ ಇವತ್ತಿಗೂ ಗೊತ್ತಿಲ್ಲ. ಈ ಮಾತನ್ನ ಅಲ್ಲಿಯ ಡಾಕ್ಟರಿಗೆ ಹೇಳಿದೆ, ನಿದ್ದೆ ಮಾತ್ರೆ ಬರೆದ್ರು. ಇವಳಿಗೆ ಹೇಳಿದೆ, ಅತ್ತಳು."

ತಂಗಿಯ ಮಗಳು ಈಗಲೂ ಅಳುತ್ತಿದ್ದಳು. ಹೆಡ್ ಕಾನ್‌ಸ್ಟೇಬಲ್ ಇನ್ಸ್‌ಪೆಕ್ಟರ್ ಮುಖ ನೋಡಿದರು. "ಬರ್ಕೊಳ್ಳಿ. ಅವರು ಹೇಳಿದ ಹಾಗೇ" ಎಂದರು ಇನ್ಸ್‌ಪೆಕ್ಟರ್.

ಬರೆದುಕೊಂಡರೇನು, ಏಕವಚನದ ಮೇಲೆ ಎಫ್‌ಐಆರ್ ಹಾಕುವ ಸೆಕ್ಷನ್ ಯಾವ ಕಾನೂನಿನಲ್ಲೂ ಇಲ್ಲ. ಆದರೆ ಮೇಷ್ಟ್ರ ಶವ ಇನ್ನೂ ಶವಾಗಾರದಲ್ಲಿತ್ತು. ಮಗಳು ದೂರದಿಂದ ಅಂದು ಸಂಜೆ ಬರುವವಳಿದ್ದಳು. ಹಿಂದಿನ ಇಬ್ಬರು ಬೂದಿಯಾಗಿದ್ದರು. ಇದೂ ಕೈಬಿಟ್ಟರೆ ಕಂಡಕ್ಟರಮ್ಮನ ಮಾತು ಬಿಟ್ಟು ಬೇರೇನೂ ಉಳಿಯುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಮೇಲಧಿಕಾರಿಗೆ ಫೋನು ಮಾಡಿದರು.

"ವ್ಯಾಕರಣದ ತಪ್ಪಿಗೆಲ್ಲ ಪೋಸ್ಟ್‌ಮಾರ್ಟಂ ಮಾಡಿಸ್ತೀಯಾ? ಆ ಕೇಂದ್ರದ ಮಾಲೀಕರು ಯಾರು ಗೊತ್ತಾ ನಿನಗೆ?"

"ಗೊತ್ತು ಸರ್. ಮಗಳು ಅನುಮಾನ ಇದೆ ಅಂದ್ರೆ ಮಾಡಿಸ್ತೀನಿ."

"ಎಡವಟ್ಟಾದ್ರೆ ನಿನ್ನ ತಲೆ ಮೇಲೆ."

"ಅದನ್ನೇ ಬರೆದು ಕಳಿಸ್ತೀರಾ ಸರ್?"

ಆ ಕಡೆ ಫೋನು ಕುಕ್ಕಿದ ಸದ್ದು ಹೆಡ್ ಕಾನ್‌ಸ್ಟೇಬಲ್‌ಗೂ ಕೇಳಿಸಿತು. ಅವರು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿಕೊಂಡರು, ತಮ್ಮ ನಿವೃತ್ತಿಗೆ ಇನ್ನೆಷ್ಟು ತಿಂಗಳಿದೆಯೆಂದು ನೋಡುವವರಂತೆ.

ಮೇಷ್ಟ್ರ ಮಗಳನ್ನು ಶವಾಗಾರದ ಹೊರಗಿನ ಸಿಮೆಂಟ್ ಬೆಂಚಿನ ಮೇಲೆ ಕೂರಿಸಿ ಕೇಳಿದರು. ಅವಳು ಯಾರ ಮೇಲೂ ಅನುಮಾನವಿಲ್ಲವೆಂದಳು. "ಅಪ್ಪ ಶುಕ್ರವಾರ ಫೋನಲ್ಲಿ ಎಷ್ಟು ಖುಷಿಯಾಗಿದ್ರು ಗೊತ್ತಾ. ಬ್ರದರ್ ಈಗ ಮಗನ ಥರ ಆಗಿಬಿಟ್ಟಿದ್ದಾನೆ, 'ನೀನು' ಅಂತ ಬಾಯ್ತುಂಬ ಕರೀತಾನೆ ಅಂದ್ರು."

ಇನ್ಸ್‌ಪೆಕ್ಟರ್ ಬೇರೆ ಇಬ್ಬರ ಸುದ್ದಿ ಹೇಳಿದರು. ಮಗಳು ಕೇಳಿ ಎದ್ದು ನಿಂತಳು. "ಎಲ್ಲಿ ಸಹಿ ಹಾಕ್ಬೇಕು?" ಎಂದಳು.

ಮಂಗಳವಾರ ಅಸ್ವಾಭಾವಿಕ ಸಾವಿನ ಪ್ರಕರಣ ದಾಖಲಾಯಿತು. ಪಂಚರ ಮುಂದೆ ಶವ ಪಂಚನಾಮೆಯಾಯಿತು. ಶವ ಪರೀಕ್ಷೆ ಮಾಡಿದ ವೈದ್ಯರಿಗೆ ಎಡತೋಳಿನ ಹಿಂಬದಿಯಲ್ಲಿ ಹೊಸ ಸೂಜಿಯ ಗುರುತು ಸಿಕ್ಕಿತು. ಮೇಷ್ಟ್ರಿಗೆ ಆ ವಾರ ಚುಚ್ಚುಮದ್ದೇ ಬರೆದಿರಲಿಲ್ಲ. "ಏನು ಕೊಟ್ಟಿದ್ದಾರೆ ಅಂತ ಪ್ರಯೋಗಾಲಯವೇ ಹೇಳಬೇಕು. ತಿಂಗಳಾದರೂ ಆಗುತ್ತೆ" ಎಂದರು ವೈದ್ಯರು.

ಅದೇ ಮಧ್ಯಾಹ್ನ ಇನ್ಸ್‌ಪೆಕ್ಟರ್ ಆರೈಕೆ ಕೇಂದ್ರಕ್ಕೆ ಹೋದರು. ಜೊತೆಗೆ ಹೋದ ಹೆಡ್ ಕಾನ್‌ಸ್ಟೇಬಲ್ ಔಷಧಿ ಕೋಣೆಯ ಕಿಟಕಿಯಾಚೆ, ಒಳಗಿನವರಿಗೆ ಕಾಣದಂತೆ ನಿಂತು ಕೇಳಿಸಿಕೊಂಡರು. ಔಷಧಿ ಕೋಣೆಯಲ್ಲಿ ಬ್ರದರ್ ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟರು. ಮೂವತ್ತೈದರ ಆಸುಪಾಸು, ಕತ್ತರಿಸಿದ ಉಗುರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ನಗುಮುಖ. ಇಂಥವನೊಬ್ಬ ಅಳಿಯ ಸಿಗಬಾರದೇ ಎಂದು ಯಾವ ತಾಯಿಗಾದರೂ ಅನಿಸಬೇಕು.

"ಕಾಗದಪತ್ರಕ್ಕೆ ಬೇಕು, ಅಷ್ಟೇ. ಮೇಷ್ಟ್ರು ಹೇಗಿದ್ರು?"

"ಪಾಪ, ಒಳ್ಳೆ ಜೀವ ಅದು. ಮಲಗಿದ್ದಲ್ಲೇ ಹೋದ."

"ಬೇಕರಿ ಅಜ್ಜಿ?"

"ಅವಳೂ ಅಷ್ಟೇ. ನಗ್ತಾ ನಗ್ತಾ ಹೋದ್ಲು."

"ಹಜಾರದಲ್ಲಿ ನರಳ್ತಿದ್ದಾರಲ್ಲ, ಆರನೇ ಮಂಚದವರು?"

"ಅವರಿಗೆ ಮೂಳೆ ನೋವು ಮೇಡಂ. ಎರಡು ವರ್ಷದಿಂದ ನರಳ್ತಿದ್ದಾರೆ. ನಾನು ಕಾಲು ಒತ್ತಿದ್ರೆ ಅವರಿಗೆ ಸ್ವಲ್ಪ ನಿದ್ದೆ."

"ಕಂಡಕ್ಟರಮ್ಮ?"

"ಅವರು ಆಸೆ ಇಟ್ಕೊಂಡಿದ್ದಾರೆ. ಆದ್ರೆ ಅವರ ಕೈ ಬರಲ್ಲ. ನಾನೇ ತಿನ್ನಿಸ್ಬೇಕು ಅವರಿಗೆ."

ಜೀಪು ಹತ್ತಿದ ಮೇಲೆ ಇನ್ಸ್‌ಪೆಕ್ಟರ್ ಕೇಳಿದರು: "ಗಮನಿಸಿದ್ರಾ? ಬದುಕಿರೋರಿಗೆಲ್ಲ ಅವರು, ಸತ್ತವರಿಗೆಲ್ಲ ಅವನು, ಅವಳು. ಲೋಕದಲ್ಲಿ ಉಲ್ಟಾ ಅಲ್ವಾ?"

"ಹೌದು ಮೇಡಂ" ಎಂದರು ಹೆಡ್ ಕಾನ್‌ಸ್ಟೇಬಲ್. "ನಮ್ಮ ಮಾವನ್ನ ಬದುಕಿದ್ದಷ್ಟು ದಿನ ಮನಸ್ಸಲ್ಲಿ 'ಅವನು' ಅಂತಲೇ ಬೈತಿದ್ದೆ. ಫೋಟೋ ಆಗಿ ಗೋಡೆ ಹತ್ತಿದ ಮೇಲೆ ನನ್ನ ಬಾಯಲ್ಲೂ 'ಅವರು' ಬರುತ್ತೆ." ಸ್ವಲ್ಪ ದೂರ ಹೋದ ಮೇಲೆ ಅವರೇ ಮೆಲ್ಲಗೆ, "ಆ ಯಮ್ಮ ಹೇಳಿದ್ದು ನಿಜ ಮೇಡಂ" ಎಂದರು.

ನಿಜವೇ ಇರಲಿ, ಯಾಕೆ ಈ ಮೂವರು? ನೋವಿನಿಂದ ಬಿಡಿಸಲು ಕೊಲ್ಲುವವನಾದರೆ ಆರನೇ ಮಂಚದವರು ಮೊದಲು ಹೋಗಬೇಕಿತ್ತು. ದ್ವೇಷಕ್ಕೆ ಕೊಲ್ಲುವವನೆಂದು ಕಂಡಕ್ಟರಮ್ಮ ನಂಬಿದ್ದರು. ಆದರೆ ಯಾರೊಂದಿಗೂ ಬ್ರದರಿಗೆ ಜಗಳವಿರಲಿಲ್ಲ. ಉತ್ತರ ಸಿಕ್ಕಿದ್ದು ಬುಧವಾರ, ಕೇಂದ್ರಕ್ಕೆ ಬಂದು ರೋಗಿಗಳಿಗೆ ವ್ಯಾಯಾಮ ಮಾಡಿಸುವ ಹೆಂಗಸಿನಿಂದ. ಮೂವರ ಹೆಸರೆತ್ತಿದ್ದೇ ತಡ ಅವಳ ಕಣ್ಣು ತುಂಬಿತು. "ನನ್ನ ಕೈಯಲ್ಲಿ ಎದ್ದು ನಡೆದವರು ಮೇಡಂ. ಅಜ್ಜಿ ಕೋಲಿಲ್ಲದೆ ಬಾಗಿಲ ತನಕ ಹೋಗಿದ್ರು. ಗಡಿಯಾರದವರು, ಮೇಷ್ಟ್ರು, ಮೂವರನ್ನೂ ಮನೆಗೆ ಕಳಿಸೋದು ಅಂತ ಆಗಿತ್ತು. ಅಷ್ಟರಲ್ಲಿ ಹೀಗಾಯ್ತು."

ಕಂಡಕ್ಟರಮ್ಮ ಸೋಮವಾರದಿಂದ ಕೇಂದ್ರಕ್ಕೆ ಹಿಂತಿರುಗದೆ ತಂಗಿಯ ಮನೆಯಲ್ಲೇ ಉಳಿದಿದ್ದರು; ಇನ್ಸ್‌ಪೆಕ್ಟರ್ ನೇರ ಅಲ್ಲಿಗೆ ಹೋದರು.

"ಆ ದಿನ ಲೋಟ ಯಾವ ಕೈಲಿತ್ತು?"

"ಎಡಗೈಲಿ. ಅವತ್ತೇ ಮೊದಲ ಸಲ ಎತ್ತಿದ್ದು." ಹೇಳುತ್ತ ಹೇಳುತ್ತ ಕಂಡಕ್ಟರಮ್ಮನ ದನಿ ತಗ್ಗಿತು. "ಬಿದ್ದ ಮೇಲೆ ಹೆದರಿ ಎತ್ತೇ ಇಲ್ಲ. ಅದು ಬರಲ್ಲ ಅಂತ ಅವನು ಅಂದ್ಕೊಂಡ. ಅದಕ್ಕೇ ಬಿಟ್ಟ."

"ಹುಷಾರಾದವರನ್ನೇ ಅವರು ಕೊಲ್ಲೋದು."

"ನನ್ನ ಪಕ್ಕದ ಮಂಚದಲ್ಲಿ ಟೈಲರಮ್ಮ ಇದ್ದಾಳೆ ಮೇಡಂ. ಹೋದ ವಾರದಿಂದ ಸೂಜಿಗೆ ದಾರ ಪೋಣಿಸ್ತಿದ್ದಾಳೆ. ಎಲ್ಲರಿಗೂ ತೋರಿಸ್ಕೊಂಡು ನಗ್ತಾಳೆ."

ಇನ್ಸ್‌ಪೆಕ್ಟರ್ ಅಲ್ಲೇ ಇರುವಾಗ, ಸಂಜೆ, ಮೇಲಧಿಕಾರಿಯೇ ಫೋನು ಮಾಡಿದರು. ಪ್ರಯೋಗಾಲಯದ ವರದಿ ಬರುವ ತನಕ ಬಂಧನದ ಮಾತೆತ್ತಬಾರದು, ಮಾಲೀಕರು ಬೇಜಾರಾಗಿದ್ದಾರೆ. ಬೇಜಾರಾಗುವ ಹಕ್ಕು ಯಾವಾಗಲೂ ಮಾಲೀಕರಿಗೇ ಮೊದಲು ಸಿಗುತ್ತದೆ. ಅದನ್ನು ಕೇಳಿ ಕಂಡಕ್ಟರಮ್ಮ, "ಹಾಗಾದ್ರೆ ನಾನು ವಾಪಸ್ ಹೋಗ್ತೀನಿ" ಎಂದರು.

"ನಿಮ್ಮನ್ನ ಗಾಳದ ಎರೆಹುಳು ಮಾಡೋಕೆ ನಾನು ಒಪ್ಪಲ್ಲ."

"ನಾನು ಹೋಗ್ದಿದ್ರೆ ಟೈಲರಮ್ಮ ಎರೆಹುಳು ಆಗ್ತಾಳೆ, ಗಾಳ ಹಿಡಿಯೋರೂ ಇರಲ್ಲ. ನೋಡಿ ಮೇಡಂ, ಮೂರು ವಾರ ನನ್ನ ಕೈ ನನಗೆ ಬರುತ್ತೆ ಅಂತ ಗೊತ್ತಿದ್ದೂ ಹೆಣದ ಹಾಗೆ ಬಿದ್ಕೊಂಡಿದ್ದೆ. ಬಲಗೈ ನೆಟ್ಟಗಿದ್ರೂ ಅವನು ತಿನ್ನಿಸಿದ್ದನ್ನ ತಿಂದೆ. ನನಗೆ ನಾಚಿಕೆ ಆಗ್ತಿದೆ. ಅವನ ಮುಂದೇನೇ ಈ ಕೈ ಎತ್ತಬೇಕು."

ತಂಗಿಯ ಮಗಳು, "ದೊಡ್ಡಮ್ಮ, ನಿನಗೇನಾದ್ರೂ ಆದ್ರೆ?" ಎಂದಳು. "ಆದ್ರೆ ಪಿಂಚಣಿ ಕಚೇರಿಗೆ ಹೋಗಿ ಸಹಿ ವಾಪಸ್ ತಗೊಂಡ್ ಬಾ" ಎಂದರು ದೊಡ್ಡಮ್ಮ. ಇನ್ಸ್‌ಪೆಕ್ಟರ್ ಒಪ್ಪಿದ್ದು ಆ ಮಾತಿಗಲ್ಲ, ಸೂಜಿಗೆ ದಾರ ಪೋಣಿಸುತ್ತಿದ್ದ ಟೈಲರಮ್ಮನಿಗಾಗಿ.

ಗುರುವಾರ ವ್ಯಾಯಾಮದ ಹೆಂಗಸಿನ ನೆರವಿನಿಂದ, ಮಾಲೀಕರಿಗೆ ತಿಳಿಯದಂತೆ ಏರ್ಪಾಟಾಯಿತು. ಟೈಲರಮ್ಮನನ್ನು ಕಣ್ಣಿನ ಪರೀಕ್ಷೆಗೆಂದು ಬೇರೆ ಆಸ್ಪತ್ರೆಗೆ ಕಳಿಸಿದರು. ಅವಳ ಮಂಚಕ್ಕೆ ಕಾಲಿಗೆ ಸುಳ್ಳು ಪಟ್ಟಿ ಸುತ್ತಿಕೊಂಡ ಮಹಿಳಾ ಕಾನ್‌ಸ್ಟೇಬಲ್ ರೋಗಿಯಾಗಿ ಬಂದಳು. ಪರದೆಯಾಚೆ ಹೆಡ್ ಕಾನ್‌ಸ್ಟೇಬಲ್ ಸೇರಿಕೊಂಡರು. ಅವರಿಗೆ ನಟನೆ ಬೇಕಾಗಲಿಲ್ಲ, ಸೊಂಟ ನೋವು ನಿಜವಾಗಿಯೇ ಇತ್ತು. ಇನ್ಸ್‌ಪೆಕ್ಟರ್ ಪಕ್ಕದ ಬಟ್ಟೆ ಕೋಣೆಯಲ್ಲಿ ಕೂತರು. ಕೇಂದ್ರದ ಅಡುಗೆಯವರೂ ಕಾವಲುಗಾರನೂ ಪಂಚರು.

ಸಂಜೆ ಬ್ರದರ್ ಕಾಫಿ ತಂದರು. "ಬಂದ್ರಾ? ನೀವಿಲ್ಲದೆ ಹಜಾರವೇ ಬಿಕೋ ಅಂತಿತ್ತು. ಬಾಯಿ ತೆಗೀರಿ, ನಾನು ಕುಡಿಸ್ತೀನಿ."

ಕಂಡಕ್ಟರಮ್ಮ ಎಡಗೈ ಚಾಚಿ ಲೋಟ ತೆಗೆದುಕೊಂಡರು. ಕಾಫಿ ಒಂದಿಷ್ಟು ಸೀರೆಯ ಮೇಲೆ ಚೆಲ್ಲಿತು. ಆದರೂ ಬಾಯಿಗೆ ಮುಟ್ಟಿತು. ಬ್ರದರ್ ಕಣ್ಣನ್ನೇ ನೋಡುತ್ತ ತಳ ಕಾಣುವ ತನಕ ಕುಡಿದು ಲೋಟ ಹಿಂದಕ್ಕೆ ಕೊಟ್ಟರು.

"ಇನ್ನು ನಿಮಗೆ ತೊಂದರೆ ಕೊಡಲ್ಲ ಬ್ರದರ್. ನಾಳೆ ಮನೆಗೆ ಹೊರಟೆ."

ಬ್ರದರ್ ನಗು ಹಾಗೇ ಇತ್ತು. ಬಗ್ಗಿ, ಚೆಲ್ಲಿದ ಕಾಫಿಯನ್ನು ಸೀರೆಯಿಂದ ಒರೆಸಿದರು. "ಹೌದಾ. ಎಷ್ಟು ಚೆನ್ನಾಗಿ ಕುಡಿದೆ. ಹೋಗುವೆಯಂತೆ. ಈಗ ಮಲ್ಕೋ."

ಪಕ್ಕದ ಮಂಚದಲ್ಲಿ ಮಹಿಳಾ ಕಾನ್‌ಸ್ಟೇಬಲ್ ಹೊದಿಕೆಯೊಳಗೇ ಕಾಲಿನ ಪಟ್ಟಿ ಸಡಿಲಿಸಿಕೊಂಡಳು. ಸೋಮವಾರ ಈ ದೂರು ಕೇಳಿ ನಕ್ಕವರಲ್ಲಿ ಅವಳೂ ಒಬ್ಬಳಾಗಿದ್ದಳು.

ಶುಕ್ರವಾರ ಬೆಳಗಿನ ಔಷಧಿಯ ಹೊತ್ತಿಗೆ ಅವನು ಬಂದ. ಕಿಟಕಿಯಲ್ಲಿ ಆಗಷ್ಟೇ ಬೆಳಕು. ಟ್ರೇ ಇರಲಿಲ್ಲ, ಕೈಯಲ್ಲಿ ಒಂದು ಸಿರಿಂಜು ಮಾತ್ರ. ಹಾಸಿಗೆಯ ಅಂಚಿನಲ್ಲಿ ಕೂತು ಕಂಡಕ್ಟರಮ್ಮನ ಹಣೆಯ ಕೂದಲು ಸರಿಸಿದ. "ಒಂದು ಸಣ್ಣ ಇಂಜೆಕ್ಷನ್. ಆಮೇಲೆ ಎಲ್ಲಿಗೂ ಹೋಗೋ ಚಿಂತೆ ಇಲ್ಲ ನಿನಗೆ" ಎಂದು ತೋಳು ಹಿಡಿದ. ಕಂಡಕ್ಟರಮ್ಮ ಕಣ್ಣು ತೆರೆದು ಅವನ ಮಣಿಕಟ್ಟನ್ನು ಹಿಡಿದರು, ಎಡಗೈಯಿಂದಲೇ. ಹಿಡಿತದಲ್ಲಿ ಬಲವೇನೂ ಇರಲಿಲ್ಲ. ಆದರೆ ಹಜಾರದ ಕೊನೆಯವರೆಗೂ ಕೇಳುವಂತೆ, "ಹೋಲ್ಡಾನ್" ಎಂದರು. ಮೂವತ್ತು ವರ್ಷ ಬಸ್ಸು ನಿಲ್ಲಿಸಿದ ಮಾತದು. ಮಹಿಳಾ ಕಾನ್‌ಸ್ಟೇಬಲ್ ಅವನ ಕೈ ತಿರುಚಿದಳು, ಪರದೆಯನ್ನೇ ಹರಿದುಕೊಂಡು ಹೆಡ್ ಕಾನ್‌ಸ್ಟೇಬಲ್ ಬಂದರು.

ಏಳೂ ಮುಕ್ಕಾಲಿಗೆ ಪಂಚನಾಮೆ ಮುಗಿಯಿತು. ಅವನ ಜೇಬಿನಲ್ಲಿ ಸಿಕ್ಕ ಖಾಲಿ ಸೀಸೆಯ ಚೀಟಿಯಂತೆ, ಸಿರಿಂಜಿನಲ್ಲಿದ್ದದ್ದು ಕಂಡಕ್ಟರಮ್ಮನಿಗೆ ಯಾರೂ ಬರೆದಿರದ, ಕೊಡಬಾರದವರಿಗೆ ಕೊಟ್ಟರೆ ಪ್ರಾಣ ತೆಗೆಯುವ ಔಷಧಿ. ಮೊಹರು ಮಾಡಿ ಕಳಿಸಿದರು. ಕೊಲೆ, ಕೊಲೆ ಯತ್ನದ ಎಫ್‌ಐಆರ್ ಆಯಿತು. ಬೇಡಿ ಬಿದ್ದ ಮೇಲೆ ಠಾಣೆಯಲ್ಲಿ ಎಲ್ಲರೂ ಆರೋಪಿಯನ್ನು ಏಕವಚನಕ್ಕೆ ಇಳಿಸುತ್ತಾರೆ. ಈ ಕತೆಯೂ ಇಳಿಸಿದೆ. ಇನ್ಸ್‌ಪೆಕ್ಟರ್ ಮಾತ್ರ ಇಳಿಸಲಿಲ್ಲ.

"ಯಾಕೆ ಮಾಡಿದ್ರಿ?"

"ನರಳಾಟದಿಂದ ಬಿಡಿಸಿದೆ ಮೇಡಂ. ದಯೆ ಅದು."

"ಆರನೇ ಮಂಚದವರು ಎರಡು ವರ್ಷದಿಂದ ನರಳ್ತಿದ್ದಾರೆ. ಅವರಿಗೆ ಯಾಕೆ ದಯೆ ತೋರಿಸಲಿಲ್ಲ?"

ಅವನು ತನ್ನ ಉಗುರು ನೋಡಿಕೊಂಡ. "ಅವರು ಎಲ್ಲಿಗೂ ಹೋಗ್ತಿರಲಿಲ್ಲ" ಎಂದ.

ಆಮೇಲೆ ತಾನಾಗಿಯೇ ಹೇಳಿದ. "ಎಲ್ಲರೂ ಹೋಗುವಾಗ ಕೈ ಹಿಡ್ಕೊಂಡು 'ಹೋಗಿ ಬರ್ತೀವಿ ಬ್ರದರ್' ಅಂತಾರೆ. ಯಾರು ಬಂದಿದ್ದಾರೆ? ಒಬ್ಬರಿಗೆ ಆರು ತಿಂಗಳು ತುತ್ತು ಮಾಡಿ ತಿನ್ನಿಸಿದ್ದೆ. ಮಾರ್ಕೆಟ್ಟಲ್ಲಿ ಎದುರಾದ್ರು, ನಾನು ನಕ್ಕೆ. 'ನೀವು ಯಾರು?' ಅಂದ್ರು. ನೀವು ಅಂದ್ರೆ ದೂರ ಮೇಡಂ. ಆಮೇಲೆ ಹೊರಟು ನಿಂತವರನ್ನ ಕೊನೇ ದಿನ ನಾನು 'ನೀನು' ಅಂತಿದ್ದೆ. ಆಗ ನನ್ನವರಾಗ್ತಿದ್ರು. ನನ್ನವರಾದ ಮೇಲೆ ಎಲ್ಲಿಗೂ ಹೋಗ್ತಿರಲಿಲ್ಲ." ತಲೆಯೆತ್ತಿದ. "ನೀವೂ ನನ್ನನ್ನ 'ನೀನು' ಅನ್ನಿ ಮೇಡಂ. ಪೊಲೀಸರು ಹಾಗೇ ಅಲ್ವಾ ಮಾತಾಡೋದು?"

"ಇಲ್ಲ. ಮುಂದಕ್ಕೆ ಹೇಳಿ ನೀವು."

ಆಗ ಮೊದಲ ಬಾರಿಗೆ ಅವನ ನಗು ಆರಿತು. ಮುಂದೆ ಮನೋವೈದ್ಯರು ಅವನನ್ನು ಪರೀಕ್ಷಿಸಿ ಪುಟಗಟ್ಟಲೆ ಬರೆದರು. ಬಾಲ್ಯ, ಒಂಟಿತನ, ಬಿಟ್ಟುಹೋಗುವವರ ಭಯ. ಸುಳ್ಳೆಂದು ಯಾರೂ ಹೇಳುವುದಿಲ್ಲ. ಆದರೆ ಬಿಟ್ಟುಹೋದವರ ನೆನಪಿನಲ್ಲಿ ಲೋಕದ ತುಂಬ ಜನ ಅತ್ತು, ಮೂಗು ಒರೆಸಿಕೊಂಡು, ಮಾರನೇ ದಿನ ಕೆಲಸಕ್ಕೆ ಹೋಗುತ್ತಾರೆ. ಇವನು ಬೇರೆಯವರು ಗುಣವಾಗುವುದನ್ನೇ ತನಗಾದ ಅನ್ಯಾಯವೆಂದುಕೊಂಡ.

ಶುಕ್ರವಾರ ಮಧ್ಯಾಹ್ನವೇ ಅವನನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಠಾಣೆಯ ಹೊಸ್ತಿಲ ಬಳಿಯ ಬೆಂಚಿನಲ್ಲಿ ಕೂರಿಸಿದ್ದರು. ಅದೇ ಹೊತ್ತಿಗೆ ಹೇಳಿಕೆಗೆ ಸಹಿ ಹಾಕಲು ಕಂಡಕ್ಟರಮ್ಮ ಬಂದರು. ಕುರ್ಚಿ ಬಾಗಿಲಲ್ಲೇ ನಿಂತಿತು. ಹೆಡ್ ಕಾನ್‌ಸ್ಟೇಬಲ್ ಕೈಕೊಡಲು ಓಡಿ ಬಂದಾಗ, "ನೀವು ಹೊಟ್ಟೆ ಸರಿಸ್ಕೊಂಡು ದಾರಿ ಬಿಡಿ ಸಾಕು" ಎಂದರು. ಕೋಲೂರಿ ಒಂದೊಂದೇ ಮೆಟ್ಟಿಲು ಹತ್ತಿದರು. ಮೇಲಿನ ಮೆಟ್ಟಿಲಿಗೆ ಬರುವಷ್ಟರಲ್ಲಿ ಉಸಿರು ಕಟ್ಟಿತ್ತು, ಬೆವರು ಇಳಿಯುತ್ತಿತ್ತು. ಒಳಗೆ ಹೋಗಿ ಸಹಿ ಹಾಕಿದರು.

ಹಿಂದಿರುಗುವಾಗ ಬೆಂಚಿನಿಂದ ಅವನು ಕೇಳಿದ. "ಮನೆಗೆ ಹೊರಟೆಯಾ?"

"ಹೊರಟಿರಾ ಅನ್ನಿ. ನಾನಿನ್ನೂ ಬದುಕಿದ್ದೀನಿ."

ಕಂಡಕ್ಟರಮ್ಮ ಹೊಸ್ತಿಲಲ್ಲಿ ನಿಂತು ಒಳಕ್ಕೆ ತಿರುಗಿ, "ಹೋಗಿ ಬರ್ತೀನಿ ಮೇಡಂ" ಎಂದು ಕೂಗಿ ಹೇಳಿದರು. ಆ ಮಾತಿಗೆ ಅವನು ಥಟ್ಟನೆ ತಲೆಯೆತ್ತಿದ.

"ನಿಮಗೆ ಹೇಳಿದ್ದಲ್ಲ" ಎಂದು ಕಂಡಕ್ಟರಮ್ಮ ಕೋಲನ್ನು ಕೆಳಗಿನ ಮೆಟ್ಟಿಲಿಗೆ ಊರಿದರು.